ಕುಂಕುಮ ಹಚ್ಚಿದ ಕವಚ

ಆಯುಧಪೂಜೆ ದಿನ ಬೆಳಿಗ್ಗೆ ಗರಾಜಿಗೆ ಹೋದರೆ ನನ್ನ ಉಕ್ಕಿನ ಕವಚಕ್ಕೆಲ್ಲ ಅರಿಶಿನ ಕುಂಕುಮ. ಹೆಲ್ಮೆಟ್ಟಿನ ಮೇಲೊಂದು ಚೆಂಡುಹೂವು. ಮಂಡ್ಯದಿಂದ ವಿಮಾನ ಹತ್ತಿ ಬಂದಿದ್ದ ನಮ್ಮತ್ತೆ ಕಾರಿಗೆ ಪೂಜೆ ಮಾಡಿದವರು ಹಾಗೇ ಇದಕ್ಕೂ ಮಾಡಿ ಮುಗಿಸಿದ್ದರು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ. ನಾಳೆ ತಗೋ," ಅಂದರು.

ನಾಳೆ ತಗೊಂಡು ಏನು ಮಾಡಲಿ? ನಾನು ಜೌಸ್ಟಿಂಗ್ ಕಲಿಯುವ ಗಿಲ್‌ರಾಯ್‌ನ ಕುದುರೆ ಲಾಯಕ್ಕೆ ಟೀವಿಯವರು ಬರುವುದು ಅವತ್ತೇ. ಜೌಸ್ಟಿಂಗ್ ಅಂದರೆ ಇಬ್ಬರು ಎದುರುಬದುರು ಕುದುರೆ ಓಡಿಸಿಕೊಂಡು ಬಂದು, ಒಬ್ಬರ ಎದೆಯ ಗುರಾಣಿಗೆ ಇನ್ನೊಬ್ಬರು ಉದ್ದನೆ ಈಟಿಯಿಂದ ಗುದ್ದುವ ಆಟ. ನಾಟಕವಲ್ಲ, ನಿಜವಾದ ಗುದ್ದು. ಅದರ ಟೀವಿ ಪಂದ್ಯಕ್ಕೆ ನಮ್ಮ ಲಾಯದಿಂದ ಒಬ್ಬಳೇ ಹೆಂಗಸನ್ನು ಆರಿಸುವವರಿದ್ದರು. ವಾರವಿಡೀ ಸ್ಯಾನ್ ರಮೋನ್‌ನ ಆಫೀಸಿನಲ್ಲಿ ಕೂತು, ಯಾರೂ ಕೊಳ್ಳದ ಏನನ್ನೋ ಮಾರುವ ವೆಬ್‌ಸೈಟಿಗೆ ಕೋಡು ಬರೆದು, ಶನಿವಾರ ಫ್ರೀವೇ ಹಿಡಿದು ಲಾಯಕ್ಕೆ ಹೋಗಿ ಮೈಯೆಲ್ಲ ನೀಲಿಗಟ್ಟಿಸಿಕೊಂಡು ಬರುತ್ತಿದ್ದವಳು ನಾನು. ಆ ಜಾಗ ನನಗೆ ಬೇಕಿತ್ತು. ಬೇಕೇ ಬೇಕಿತ್ತು.

"ಆಯುಧಪೂಜೆ ದಿನ ಬಾಳೆಕಂದು ಕಟ್ಕೊಂಡು ಬಸ್ಸು ಓಡಲ್ವಾ ಅತ್ತೆ?" ಅಂದೆ.

ಅತ್ತೆ ಸೆರಗಿನ ತುದಿ ತಿರುವಿದರು. "ಬಿದ್ದು ಸೊಂಟ ಮುರ್ಕೊಂಡ್ರೆ ಏನ್ ಗತಿ? ನಂಗೆ ಭಯ ಆಯ್ತದೆ ಕಣೆ."

ಇಷ್ಟೇ ವಿಷಯ, ಪೂಜೆ ಬರೀ ನೆಪ. ಭಯ ನನಗೂ ಇತ್ತು. ಆದರೂ ಕವಚವನ್ನು ಕುಂಕುಮದ ಸಮೇತ ಕಾರಿಗೆ ತುಂಬಿದೆ. ಅತ್ತೆ ಸೀರೆ ಮೇಲೆ ಸ್ವೆಟರು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು.

ಮೊದಲ ಓಟದಲ್ಲೇ ಬಿದ್ದೆ. ಎದುರಿನವಳು ಗಟ್ಟಿಗಿತ್ತಿ. ಅವಳ ಈಟಿ ಗುರಾಣಿಗೆ ಬಡಿದದ್ದಷ್ಟೇ ಗೊತ್ತು, ಆಮೇಲೆ ಕಂಡದ್ದು ಆಕಾಶ. ಉಸಿರೇ ಸಿಗುತ್ತಿಲ್ಲ. ಟೀವಿಯವನು ನೋಡಿದರೆ ಆಗಲೇ ಮುಂದಿನವಳನ್ನು ಕೈಬೀಸಿ ಕರೆಯುತ್ತಿದ್ದಾನೆ. ಮೈ ಉರಿದುಹೋಯಿತು. ಹೊರಳಿ, ಮೊಣಕಾಲೂರಿ, ಬೇಲಿ ಹಿಡಿದುಕೊಂಡು ಎದ್ದೆ. ಇನ್ನೊಂದು ಸಲ ಓಡಿಸ್ತೀನಿ ಅಂದೆ. ನಮ್ಮ ಲಾಯದ ಕೋಚು ಬೇಡವೆಂದು ತಲೆಯಾಡಿಸಿದ.

ಅಷ್ಟರಲ್ಲಿ ಅತ್ತೆ ಬೇಲಿ ಹತ್ತಿರ ಬಂದಿದ್ದರು. ನಡಿ ಮನೆಗೆ ಅಂತಾರೆ, ಇವರ ಜೊತೆಗೂ ಈಗ ಗುದ್ದಾಡಬೇಕು ಅಂದುಕೊಂಡೆ. ಅವರು ಕೋಚಿನ ಕಡೆ ತಿರುಗಿ, ಅಚ್ಚ ಮಂಡ್ಯದ ಕನ್ನಡದಲ್ಲಿ, "ಎದ್ದವ್ಳಲ್ಲಪ್ಪ, ಇನ್ನೊಂದ್ಸಲ ಬಿಡು ಅವಳನ್ನ," ಅಂದರು.

ಏನು ಹೇಳ್ತಿದ್ದಾರೆ ಅಂತ ಅವನು ನನ್ನನ್ನು ಕೇಳಿದ. ಹೇಳಿದೆ. ಅತ್ತೆಯ ಮುಖ ನೋಡಿದ, ಟೀವಿಯವನ ಮುಖ ನೋಡಿದ, ಕುದುರೆ ತರಿಸಿದ.

ಈ ಸಲ ತೊಡೆ ಬಿಗಿಹಿಡಿದು ಕೂತೆ. ನನ್ನ ಈಟಿ ಅವಳ ಗುರಾಣಿಯ ನಟ್ಟನಡುವೆ ಬಡಿದು ಮುರಿಯಿತು. ಅವಳ ಗುದ್ದೂ ಬಿತ್ತು, ಆದರೆ ನಾನು ಜೀನಿನ ಮೇಲೇ ಉಳಿದೆ. ಜಾಗ ನನಗೇ ಸಿಕ್ಕಿತು.

ಪಂದ್ಯ ಟೀವಿಯಲ್ಲಿ ಬಂದಾಗ ಆಯ್ಕೆಯ ದಿನದ್ದನ್ನೂ ಚೂರು ತೋರಿಸಿದರು. ಬಿದ್ದದ್ದನ್ನೆಲ್ಲ ಕತ್ತರಿಸಿ, ಈಟಿ ಮುರಿದದ್ದನ್ನಷ್ಟೇ ಹಾಕಿದ್ದರು. ಸದ್ಯ, ಮಾನ ಉಳಿಯಿತು ಅಂದುಕೊಂಡೆ. ಅತ್ತೆಯ ಸಿಟ್ಟು ಮಾತ್ರ ಇಳಿಯಲೇ ಇಲ್ಲ.

"ಇವರ ಮನೆ ಹಾಳಾಗ," ಅಂದರು. "ನೀನು ಎದ್ದಿದ್ದನ್ನೇ ತೋರಿಸ್ನಿಲ್ವಲ್ಲ."