ಬೇಡ ಎಂದರೂ ಕಷಾಯ

ಓದುವವರೇ ದಾರಿ ಆರಿಸಿಕೊಳ್ಳುವಂಥ ಕಥೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಕೆಲಸ. ಶಿರಸಿಯ ನೆಂಟರ ಪ್ರಕಾರ ಅದು ಕೆಲಸವಲ್ಲ, ಮದುವೆಯಾಗುವವರೆಗಿನ ಕಾಲಕ್ಷೇಪ. ಈ ಕಥೆಗಳಿಗೊಂದು ಪುಟ್ಟ ಭಾಷೆಯಿದೆ. ಪ್ರತಿ ಆಯ್ಕೆಯ ಮುಂದೊಂದು ನಕ್ಷತ್ರ, ಕಥೆ ಎಲ್ಲಿಗೆ ಹೋಗಬೇಕೋ ಅಲ್ಲಿಗೊಂದು ಬಾಣ. ಅಕ್ಷರ ಬಲ್ಲವರೆಲ್ಲ ಒಂದೇ ಮಧ್ಯಾಹ್ನದಲ್ಲಿ ಕಲಿಯಬಹುದು ಎಂದು ಅದನ್ನು ಮಾಡಿದವರು ಜಂಬ ಕೊಚ್ಚಿಕೊಳ್ಳುತ್ತಾರೆ. ಪಾಪ, ಅವರು ನನ್ನ ಅಮ್ಮನನ್ನು, ಅಂದರೆ ಆಯಿಯನ್ನು, ನೋಡಿಲ್ಲ.

"ಯಂಗೂ ಕಲಿಸು" ಎಂದು ಹಟ ಹಿಡಿದು ಕಲಿತ ಆಯಿ ಬರೆದ ಮೊದಲ ಕಥೆ ಹೀಗಿತ್ತು: ಮನೆಗೆ ನೆಂಟರು ಬಂದರು. ಕಷಾಯ ಕುಡಿಯುತ್ತೀರಾ? ನಕ್ಷತ್ರ, ಬೇಕು. ನಕ್ಷತ್ರ, ಬೇಡ. ಎರಡೂ ಬಾಣಗಳು ನೆಟ್ಟಗೆ, ನಮ್ಮ ಕಡೆ ಬಂದವರಿಗೆಲ್ಲ ಚಹಾದ ಬದಲು ಕೊಡುವ ಆ ಕಷಾಯದ ಲೋಟಕ್ಕೇ ಹೋಗಿ ನಿಂತಿದ್ದವು. 'ಈಗಷ್ಟೇ ಕುಡಿದು ಬಂದೆ' ಎಂಬ ಇನ್ನೊಂದು ಆಯ್ಕೆಯನ್ನು ನಾನು ಸೇರಿಸಿದೆ. ಆಯಿ ಅದಕ್ಕೆ ಕಷಾಯದ ಜೊತೆ ಚಕ್ಕುಲಿಯನ್ನೂ ಕೊಟ್ಟಳು.

"ಆಯಿ, ಬೇಡ ಹೇಳಿರೆ ಕಥೆ ಬೇರೆ ಕಡೆ ಹೋಗವು" ಎಂದು ನಿಯಮ ನೆನಪಿಸಿದೆ.

"ಬೇಡ ಹೇಳದು ಮರ್ಯಾದೆಗೆ, ಕೂಸೇ. ಅದ್ನ ನಂಬ್ಕಂಡು ಸುಮ್ನೆ ಕೂತ್ರೆ ಜನ ಎಂತ ಹೇಳ್ತ?"

ನನಗೆ ನಗು ಬರಲಿಲ್ಲ. ಆ ಭಾನುವಾರ ಯಲ್ಲಾಪುರದಿಂದ ನನ್ನನ್ನು ನೋಡಲು ಬರುವವರಿದ್ದರು. ಬೇಡ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಮನೆಯವರು ಅದನ್ನೂ ಮರ್ಯಾದೆಯೆಂದೇ ತಿಳಿದಿದ್ದರು.

"ಹಂಗಾರೆ ಆನು ಬೇಡ ಹೇಳಿದ್ದು?" ಎಂದು ನನ್ನ 'ಬೇಡ'ದ ಗತಿ ಕೇಳಿದೆ. ಆಯಿ ಪರದೆಯ ಮೇಲಿನ 'ಬೇಡ'ವನ್ನು ಮತ್ತೊಮ್ಮೆ ಓದಿದಳು.

ಭಾನುವಾರ ಅವರು ಬಂದರು. ಕಷಾಯ ಬೇಡ ಎಂದರು, ಕುಡಿದರು. ಹುಡುಗ ತುಟಿ ಬಿಚ್ಚಲಿಲ್ಲ. ಅವನ ಬಾಣಗಳನ್ನೂ ಯಾರೋ ಮೊದಲೇ ಹಾಕಿಟ್ಟಿರಬೇಕು. ಕೊನೆಗೆ ಅವನ ತಂದೆ ಮಹಾ ಔದಾರ್ಯದಿಂದ, "ಕೂಸಿನ ಅಭಿಪ್ರಾಯ ಎಂತದು?" ಎಂದು ಕೇಳಿದರು.

"ಯಂಗೆ ಈ ಮದುವೆ ಬೇಡ" ಎಂದೆ.

ಜಗುಲಿಗೆ ಜಗುಲಿಯೇ ನಕ್ಕಿತು. "ನಾಚ್ಕೆ ಅದಕ್ಕೆ" ಎಂದು ಹುಡುಗನ ತಂದೆಯೇ ತೀರ್ಪು ಕೊಟ್ಟರು. ನಮ್ಮ ಕಡೆ ಹುಡುಗಿ ಎಂದರೆ 'ಕೂಸು', ಆದ್ದರಿಂದ 'ಅದು'. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಇನ್ನೊಂದು ಸುತ್ತು ಬಡಿಸಲು ಕಷಾಯದ ಪಾತ್ರೆ ಹಿಡಿದು ನಿಂತಿದ್ದ ಆಯಿ ಅದನ್ನು ಕೆಳಗಿಟ್ಟಳು.

"ನಾಚ್ಕೆ ಅಲ್ಲ. ಅದು ಬೇಡ ಹೇಳಿರೆ ಬೇಡ ಹೇಳಿಯೇ."

ಬಂದವರು ಎದ್ದರು. ಅವರು ಚಪ್ಪಲಿ ಮೆಟ್ಟುವಾಗ ಆಯಿ, "ಊಟ ಮಾಡ್ಕ್ಯಂಡು ಹೋಗಿ" ಎಂದಳು. ಅವರು ಬೇಡ ಎಂದರು.

ಆಯಿ ಒತ್ತಾಯ ಮಾಡಲಿಲ್ಲ.