ಓನರಮ್ಮನ ಕಿವಿಗೆ ಬಿದ್ದದ್ದು

ಪಟ್ಟಂದೂರು ಅಗ್ರಹಾರದ ಆ ವಠಾರದಲ್ಲಿ ಬಾಡಿಗೆಗಿದ್ದ ನಾವೆಲ್ಲ ಅವರನ್ನು ಓನರಮ್ಮ ಅನ್ನುತ್ತಿದ್ದೆವು. ಅವರು ಮಾತಾಡುವವರ ತುಟಿಯನ್ನೇ ನೋಡುತ್ತಿದ್ದರು. ಮಾತು ಮುಗಿಯುವ ಮೊದಲೇ ನಕ್ಕು, "ಅಂಗೇ ಬುಡು" ಅನ್ನುತ್ತಿದ್ದರು.

ಒಮ್ಮೆ ಕಿವಿ ಡಾಕ್ಟರ ಹತ್ತಿರ ನಾನೇ ಕರೆದೊಯ್ದಿದ್ದೆ. ಕಿವಿ ಸರಿಯಾಗಿಯೇ ಇದೆ ಎಂದರು ಡಾಕ್ಟರು. ಗದ್ದಲದೊಳಗಿಂದ ಮಾತನ್ನು ಬಿಡಿಸಿಕೊಳ್ಳುವುದು ಮಿದುಳಿನ ಕೆಲಸವಂತೆ. ಓನರಮ್ಮನಿಗೆ ಅದು ಕೈಕೊಡುತ್ತಿತ್ತು. ಸಿಗದ ತುಣುಕುಗಳನ್ನು ಮಿದುಳು ಊಹಿಸಿ ತುಂಬಿಬಿಡುತ್ತದಂತೆ. ಹೊರಗೆ ಬಂದವರೇ ಓನರಮ್ಮ ನನ್ನ ಕೈ ಹಿಡಿದುಕೊಂಡರು. "ಯಾರ್ಗೂ ಏಳ್ಬ್ಯಾಡ ಕಣವ್ವ, ಕಿವ್ಡಿ ಅಂತಾರೆ."

ನೀರಿನ ಟ್ಯಾಂಕರಿನ ಮೋಟರು ಓಡುತ್ತಿದ್ದ ಒಂದು ಬೆಳಿಗ್ಗೆ ಪಕ್ಕದ ಮನೆಯ ಸೊಸೆ ಬಂದು, "ನಮ್ಮತ್ತೆ ತೀರೋದ್ರು, ಓನರಮ್ಮ" ಅಂದಳು. ಓನರಮ್ಮನಿಗೆ 'ಊರ್ಗೋದ್ರು' ಎಂದು ಕೇಳಿಸಿರಬೇಕು.

"ಒಳ್ಳೇದಾಯ್ತು ಬುಡು! ಇನ್ನು ಕಾಲು ಚಾಚ್ಕಂಡು ಮಲಕ್ಕೋ."

ಅಂದದ್ದು ಇದೇ ಎಂದು ನನ್ನ ನೆನಪು. ಅದೇ ಸದ್ದಿನಲ್ಲಿ ನಾನೂ ನಿಂತಿದ್ದೆ. ಅರ್ಧ ಕೇಳಿ, ಉಳಿದರ್ಧ ತುಂಬಿಕೊಂಡಿರಬಹುದು. ಸೊಸೆಯ ಮುಖ ಕಪ್ಪಿಟ್ಟದ್ದು ಮಾತ್ರ ನಾನು ತುಂಬಿಕೊಂಡದ್ದಲ್ಲ.

"ತೀರ್ಕೊಂಡ್ರಂತೆ, ಅಮ್ಮ!" ಎಂದು ಅವರ ಕಿವಿಯ ಬಳಿ ಕೂಗಿದೆ. ಓನರಮ್ಮ ಬಿಳಿಚಿಕೊಂಡರು.

"ಅವ್ರಿಗೆ ಸರಿಯಾಗಿ ಕೇಳಿಸ್ಲಿಲ್ಲ ಕಣ್ರೀ" ಎಂದು ನಾನು ಸೊಸೆಗೆ ಹೇಳಹೊರಟೆ.

ಓನರಮ್ಮ ಅಡ್ಡ ಬಂದರು. "ಕೇಳುಸ್ತು. ನಂಗೆಲ್ಲಾ ಕೇಳುಸ್ತದೆ."

ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದರು. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿವುಡಿ ಅನ್ನಿಸಿಕೊಳ್ಳದೆ, ಕಲ್ಲುಮನಸ್ಸಿನವಳು ಅನ್ನಿಸಿಕೊಂಡು ಓನರಮ್ಮ ಅಂಗಳದಲ್ಲೇ ನಿಂತಿದ್ದರು.