ಅಶ್ವತ್ಥಮ್ಮನ ಬಾಯಿಗೆ ಬಾರದ ಅಕ್ಷರ

ಚಿಕ್ಕಬಾಣಾವರದ ಅಶ್ವತ್ಥಮ್ಮ ಹಾಲು ಮಾರುವವಳು. ಆದರೆ ಹಾಲು ಎಂಬ ಮಾತು ಅವಳ ಬಾಯಿಂದ ಒಂದು ದಿನವೂ ಬಂದದ್ದಿಲ್ಲ. ಜಾಲಹಳ್ಳಿ ಕಡೆಯ ಫ್ಯಾಕ್ಟರಿ ಕಾಲೊನಿಯಲ್ಲಿ ಬೆಳಗ್ಗೆ ಬೆಳಗ್ಗೆಯೇ ಗೇಟಿನ ಮುಂದೆ ಕ್ಯಾನು ಇಳಿಸಿ "ಆಲೂ..." ಎಂದು ಕೂಗುತ್ತಿದ್ದಳು. ಆಲೂಗಡ್ಡೆ ಬಂತು ಅಂತ ಕಾಲೊನಿಯ ಮಕ್ಕಳು ಚೀಲ ಹಿಡಿದು ಓಡಿಬಂದು ಅಣಕಿಸುತ್ತಿದ್ದವು. ಅವಳೂ ಜೊತೆಗೆ ನಗುತ್ತಿದ್ದಳು. ಊರಿಗೆ ಊರೇ ಹಾಗೆ ಮಾತಾಡುವಾಗ ಇದರಲ್ಲಿ ನಗುವಂಥದ್ದೇನಿದೆ ಎಂದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳ ತಮ್ಮನ ಹೆಸರು ಹನುಮಯ್ಯ. ಅವನನ್ನೂ ಅಷ್ಟೇ, ಅನುಮ ಎಂದಲ್ಲದೆ ಬೇರೆ ಥರ ಕರೆದವರಿಲ್ಲ. ನಾಲ್ಕು ವರ್ಷದವನಿದ್ದಾಗ ದಡಾರ ಎದ್ದು ಎರಡೂ ಕಣ್ಣು ಹೋದವು. ಅದೇ ಕೊರಗಿನಲ್ಲಿ ತಾಯಿ ತೀರಿಕೊಂಡಳು. ಅಶ್ವತ್ಥಮ್ಮನನ್ನು ದಾಸರಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ವರ್ಷವೇ ಗಂಡ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿದ. ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಇನ್ನೊಂದು ಸಂಬಂಧ ನೋಡುತ್ತೇನೆ ಎಂದು ತಂದೆ ವೆಂಕಟೇಶಪ್ಪ ಮಾತೆತ್ತಿದಾಗಲೆಲ್ಲ ಅವಳದು ಒಂದೇ ಉತ್ತರ: "ಇವನ್ನ ಬುಟ್ಟು ಎಲ್ಲಿಗೋಗ್ಲಪ್ಪ?"

ಅವಳು ಏಳನೇ ಕ್ಲಾಸು ಓದಿದ್ದಳು. ಆ ಏಳು ಕ್ಲಾಸನ್ನೂ ತಮ್ಮನ ಕಿವಿಗೆ ಸುರಿದಳು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಮಗ್ಗಿ, ಒಲೆಯ ಮುಂದೆ ಮುದ್ದೆ ತಿರುವುತ್ತ ಅಕ್ಷರಮಾಲೆ. ಶ ಷ ಸ ಅ ಳ ಎಂದು ಅವಳು ಹೇಳಿಕೊಟ್ಟಾಗ ಹುಡುಗ ಒಮ್ಮೆ ತಡೆದು ಕೇಳಿದ್ದ, "ಅಕ್ಕ, ಅ ಮೊದಲ್ನಾಗೇ ಬಂತಲ್ಲ, ಮತ್ತೆ ಕೊನೇಗೂ ಯಾಕ್ ಬಂತು?"

"ಅದು ಬ್ಯಾರೆ, ಇದು ಬ್ಯಾರೆ ಕಣೋ. ಬರ್ಯೋದ್ರಾಗೆ ವ್ಯತ್ಯಾಸ ಐತೆ. ಕಣ್ಣಿದ್ದೋರಿಗೆ ಗೊತ್ತಾಯ್ತದೆ," ಅಂದಿದ್ದಳು. ಕಣ್ಣಿನ ಮಾತು ಬಂದರೆ ಅವನು ಸುಮ್ಮನಾಗಿಬಿಡುತ್ತಿದ್ದ. ಅವತ್ತೂ ಸುಮ್ಮನಾದ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಡ್‌ಮಾಸ್ಟರು ದೊಡ್ಡ ಮನಸ್ಸು ಮಾಡಿ, ಅವನು ಹೇಳಿದ್ದನ್ನು ಅಕ್ಕನೇ ಬರೆಯಲಿ ಎಂದು ಒಪ್ಪಿಗೆ ತಂದುಕೊಟ್ಟರು. ಇಂಗ್ಲಿಷಿಗೆ ಮಾತ್ರ ಬೇರೆ ಯಾರನ್ನೋ ಕೂರಿಸಿದರು. ಕನ್ನಡದಲ್ಲಿ ಅವನಿಗೆ ಊರೇ ಮೂಗಿನ ಮೇಲೆ ಬೆರಳಿಡುವಷ್ಟು ನಂಬರು ಬಂತು. ಬಾರದೆ ಏನು? ಅವಳ ನಾಲಿಗೆಗೆ ಬಾರದ ಹಕಾರ ಅವಳ ಕೈಗೆ ಚೆನ್ನಾಗಿಯೇ ಬರುತ್ತಿತ್ತು. ತಮ್ಮ ಅಕ್ಕಿ ಅಂದಲ್ಲಿ, ಅದು ಹಾರುವುದೋ ಬೇಯುವುದೋ ನೋಡಿಕೊಂಡು ಬರೆಯುತ್ತಿದ್ದಳು. ತಾನು ತಿದ್ದುತ್ತಿದ್ದೇನೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಯಶವಂತಪುರದ ಆಚೆ ಒಂದು ಕಾಲೇಜಿಗೆ ಅವನನ್ನು ಸೇರಿಸಿದಳು. ಹಾಲು ಹಾಕಿ ಬಂದು, ಪ್ಯಾಸೆಂಜರ್ ರೈಲಿನಲ್ಲಿ ಕೈ ಹಿಡಿದು ಕರೆದೊಯ್ದು, ಪಾಠ ಮುಗಿಯುವವರೆಗೆ ಹುಣಸೆಮರದ ಕೆಳಗೆ ಕೂತಿರುತ್ತಿದ್ದಳು. ಅವನಿಗೆಂದು ಆ ಕಾಲೇಜಿನಲ್ಲಿ ಇದ್ದ ಅನುಕೂಲವೆಂದರೆ ಮುಂದಿನ ಬೆಂಚು, ಅಷ್ಟೇ. ಅಂಧರಿಗೆ ಬೆರಳಿನಿಂದ ಓದುವ ಉಬ್ಬುಚುಕ್ಕಿಯ ಪುಸ್ತಕ ಇರುತ್ತದೆ ಎಂಬ ಸುದ್ದಿ ಕೂಡ ಅಲ್ಲಿಗೆ ಬಂದಿರಲಿಲ್ಲ. ಸಂಜೆ ಅಕ್ಕ ಓದುತ್ತಿದ್ದಳು, ತಮ್ಮ ಕೇಳುತ್ತಿದ್ದ. ಮೇಷ್ಟರೂ ರೇಡಿಯೋದವರೂ ಹಾಲು, ಹಕ್ಕಿ ಎನ್ನುವುದು ಅವನ ಕಿವಿಗೆ ಬೀಳದೆ ಇರಲಿಲ್ಲ. ಪೇಟೆಯವರು ಮಾತಿನ ನಡುವೆ ಹಾಗೆ ಉಸಿರು ಬಿಡುತ್ತಾರೆ, ಅದು ಅವರ ಗತ್ತು ಎಂದುಕೊಂಡಿದ್ದ.

ಕನ್ನಡ ಮೇಷ್ಟರು ಶ್ಯಾಮಣ್ಣನವರಿಗೆ ಹುಡುಗನ ಮೇಲೆ ಪ್ರೀತಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಅವರೇ ಮಾತಾಡಿದರು. ಅದು ಸಾವಿರದ ಒಂಬೈನೂರ ಎಂಬತ್ತೊಂದು. ಅಂಗವಿಕಲರ ವರ್ಷವೆಂದು ಎಲ್ಲೆಲ್ಲೂ ಭಾಷಣ. ಮ್ಯಾನೇಜರು, "ಈ ಕೆಲಸಕ್ಕೆ ಕಿವಿ ಇದ್ದರೆ ಸಾಕು. ಪಿಯುಸಿ ಪಾಸಾಗಿ ಜೂನಿಗೆ ಬರಲಿ," ಎಂದಿದ್ದರು. ಅಶ್ವತ್ಥಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನು ಸತ್ತ ಮೇಲೆ ಇವನ ಗತಿಯೇನು ಎಂಬ ಒಂದೇ ಚಿಂತೆ ಅವಳನ್ನು ಇಷ್ಟು ವರ್ಷ ತಿಂದಿತ್ತು. ಹುಡುಗನಂತೂ ಕೊಟ್ಟಿಗೆಯಲ್ಲಿ ಚೊಂಬನ್ನು ಕಿವಿಗಿಟ್ಟುಕೊಂಡು "ಅಲೋ, ಅಲೋ" ಎಂದು ಅಭ್ಯಾಸ ಶುರುಮಾಡಿದ.

ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನವರು ಒಂದು ಕಾನೂನು ಹೇಳಿದರು. ರಕ್ತಸಂಬಂಧಿಗಳು ಬರೆಯುವಂತಿಲ್ಲ. ಬರೆಯುವವರು ಅವನಿಗಿಂತ ಕೆಳಗಿನ ಕ್ಲಾಸಿನವರಾಗಿರಬೇಕು, ಅವನು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಮಾಡಬಾರದು. ಎಂಥ ಜಾಣ ಕಾನೂನು! ಕಳ್ಳತನ ತಡೆಯಲು ನೂರು ದಾರಿ ಯೋಚಿಸಿದ್ದವರು, ಕಣ್ಣಿಲ್ಲದವನು ಹೇಗೆ ಓದುತ್ತಾನೆಂದು ಒಂದು ಸಲವೂ ಯೋಚಿಸಿರಲಿಲ್ಲ.

ಅಶ್ವತ್ಥಮ್ಮ ತಾನೇ ಹುಡುಕಿ ಒಬ್ಬಳನ್ನು ಗೊತ್ತುಮಾಡಿದಳು. ಹಾಲು ಹಾಕುವ ಮನೆಯ ಊರ್ಮಿಳಾ, ಹತ್ತನೇ ಕ್ಲಾಸಿನ ಹುಡುಗಿ. ಬಲು ಮುದ್ದಾದ ಅಕ್ಷರ, ಒಳ್ಳೆಯ ಮನಸ್ಸು. ಪರೀಕ್ಷೆ ಮುಗಿದ ದಿನ ಹುಡುಗ ಹಿಗ್ಗಿಕೊಂಡು ಹೊರಗೆ ಬಂದ. "ಎಲ್ಲಾ ನೀನೋದಿದ್ದೇ ಬಂದಿತ್ತು ಅಕ್ಕ. ಒಂದೂ ಬುಡ್ಲಿಲ್ಲ!"

ಫಲಿತಾಂಶ ಬಂತು. ಇಂಗ್ಲಿಷೂ ಸೇರಿ ಎಲ್ಲದರಲ್ಲೂ ಪಾಸು, ಕನ್ನಡದಲ್ಲಿ ಫೇಲು. ನೋಟೀಸ್ ಬೋರ್ಡಿನ ಮುಂದೆ ಹುಡುಗರು, "ಏನ್ ಗುರು, ಕನ್ನಡದಲ್ಲೇ ಡುಮ್ಕಿ!" ಎಂದು ನಕ್ಕರು. ಅವನಿಗೆ ನಂಬಿಕೆಯೇ ಬರಲಿಲ್ಲ. ಇನ್ನೊಮ್ಮೆ ನೋಡಕ್ಕ, ಇನ್ನೊಮ್ಮೆ ನೋಡು ಎಂದು ಸೆರಗು ಜಗ್ಗಿದ. ಅವಳು ಎಷ್ಟು ಸಲ ನೋಡಿದರೂ ಬೋರ್ಡಿನಲ್ಲಿ ಅದೇ ಇತ್ತು.

ಮಾರನೆಯ ದಿನ ಕಾಲೊನಿಯಲ್ಲಿ ಹಾಲು ಅಳೆಯುತ್ತ ಅಶ್ವತ್ಥಮ್ಮ ಗೋಳಾಡಿದಳು. ಊರ್ಮಿಳಾ ಮುಖ ಕೆಳಗೆ ಹಾಕಿ ನಿಂತಿದ್ದಳು.

"ನಂಗೆ ಅವತ್ತೇ ಅನುಮಾನ ಬಂತು ಅಕ್ಕ," ಎಂದಳು. "ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಗೋದಕ್ಕೆ ಉದಾಹರಣೆ ಕೇಳಿದ್ರು. ಪಾಲು ಹಾಲು, ಪಕ್ಕಿ ಹಕ್ಕಿ, ಪಾವು ಹಾವು ಅಂತ ಬರೀಬೇಕು. ನಿಮ್ಮ ತಮ್ಮ ಪಾಲು ಆಲು, ಪಕ್ಕಿ ಅಕ್ಕಿ, ಪಾವು ಆವು ಅಂದ್ರು. ಪಾಠದ ಉತ್ತರದಲ್ಲೂ ಪೂರ್ತಿ ಹಂಗೇ. ಆವು ಅಂದ್ರೆ ಹಸು ಅಲ್ವಾ! ಕೇಳೋಣ ಅಂದ್ರೆ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ರು, ಮಾತಾಡಿದ್ರೆ ಇಬ್ಬರನ್ನೂ ಎಬ್ಬಿಸ್ತೀನಿ ಅಂದಿದ್ರು. ಹೇಳಿದ್ದು ಹೇಳಿದ ಹಾಗೇ ಬರೆದ್ಬಿಟ್ಟೆ."

"ಸರಿಯಾಗೇ ಏಳವ್ನಲ್ಲವ್ವ. ಪಾಲು ಆಲೇ ತಾನೆ?"

"ಆಲು ಅಲ್ಲ ಅಕ್ಕ. ಹಾಲು. ಹಾ."

ಅಶ್ವತ್ಥಮ್ಮನಿಗೆ ಆಗ ಹೊಳೆಯಿತು. ಅವಳ ಕೈಯ ಅಳತೆಪಾತ್ರೆ ಓರೆಯಾಗಿ ಹಾಲು ಮೆಟ್ಟಿಲ ಮೇಲೆ ಹರಿಯಿತು. ಹುಡುಗಿಯ ಮೇಲೆ ಸಿಟ್ಟು ಮಾಡೋಣವೆಂದರೆ ಸಿಟ್ಟು ಬರಲಿಲ್ಲ. ಅವನ ಬಾಯಲ್ಲಿದ್ದದ್ದು ತನ್ನ ಬಾಯಿ. ಕೊನೆಗೂ ಒಂದು ಅ ಯಾಕೆ ಅಂತ ಅವನು ಕೇಳಿದ್ದು, ತಾನು ಕಣ್ಣಿನ ಮಾತೆತ್ತಿ ಬಾಯಿ ಮುಚ್ಚಿಸಿದ್ದು ನೆನಪಾಗಿ ಎದೆ ಬೆಂದುಹೋಯಿತು.

ಮನೆಗೆ ಬಂದು ತಮ್ಮನಿಗೆ ಎಲ್ಲ ಹೇಳಿ, "ಎರಡೇಟು ಒಡ್ದುಬಿಡೋ ನಂಗೆ," ಎಂದಳು. ಅವನು ಅವಳ ಕೈ ಹುಡುಕಿ ಹಿಡಿದುಕೊಂಡ. ಆಮೇಲೆ ಕೇಳಿದ, "ಅಂಗಾದ್ರೆ ಪ್ಯಾಟೆಯೋರು ಉಸಿರು ಬುಡೋದು ಗತ್ತಿಗಲ್ವಾ ಅಕ್ಕ?" ಅವಳು ಅತ್ತುಬಿಟ್ಟಳು.

ಜೂನಿನಲ್ಲಿ ಕಾರ್ಖಾನೆಯ ಕೆಲಸ ಬೇರೆಯವರ ಪಾಲಾಯಿತು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಕಟ್ಟಬಹುದೆಂದ ಶ್ಯಾಮಣ್ಣನವರು ಒಂದು ಉಪಾಯ ಹೇಳಿಕೊಟ್ಟರು: ಬಾಯಿಯ ಮುಂದೆ ಅಂಗೈ ಹಿಡಿಯಬೇಕು, ಅ ಅಂದರೆ ಸುಮ್ಮನಿರುತ್ತದೆ, ಹ ಅಂದರೆ ಅಂಗೈಗೆ ಗಾಳಿ ತಗಲುತ್ತದೆ. ಅಕ್ಕ ತಮ್ಮ ಇಬ್ಬರೂ ಜಗುಲಿಯ ಮೇಲೆ ಎದುರುಬದುರು ಕೂತು ಅಂಗೈಗೆ ಊದಿಕೊಂಡರು. ವೆಂಕಟೇಶಪ್ಪ ಇವರಿಗೆ ಹುಚ್ಚು ಹಿಡಿಯಿತು ಎಂದುಕೊಂಡ. ಕೆಲವೇ ದಿನಕ್ಕೆ ಹುಡುಗನಿಗೆ ಬಂತು. ಅಶ್ವತ್ಥಮ್ಮನಿಗೆ ಮಾತ್ರ ಹಾಲು ಎನ್ನಲು ಹೋದರೆ ಆಲು, ಅಕ್ಕಿ ಎನ್ನಲು ಹೋದರೆ ಹಕ್ಕಿ. ಅವಳು ಓದಿದಳೆಂದರೆ ಅವನಿಗೆ ಬಂದದ್ದೂ ಮರೆಯುತ್ತಿತ್ತು.

"ಅಕ್ಕ, ನೀನು ಓದಬ್ಯಾಡ," ಎಂದ ಒಂದು ಸಂಜೆ, ತೀರ ಮೆತ್ತಗೆ. "ಊರ್ಮಿಳಾ ಓದಿ ಹೇಳ್ತಾರಂತೆ. ನಂಗೆ ಮತ್ತೆ ತಪ್ಪು ಬಂದ್ಬಿಡ್ತದೆ."

"ಅಂಗೇ ಮಾಡಪ್ಪ," ಎಂದಳು. ಪುಸ್ತಕ ಮುಚ್ಚಿಟ್ಟು ಹಸುಗಳಿಗೆ ಹುಲ್ಲು ಹಾಕಲು ಎದ್ದುಹೋದಳು. ಅವನು ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರಿನಲ್ಲಿ ಅವನು ಪಾಸಾದ. ಮರುವರ್ಷ ಶ್ಯಾಮಣ್ಣನವರ ಪ್ರಯತ್ನದಿಂದ ಪೇಟೆಯೊಳಗಿನ ದೊಡ್ಡ ಕಾಲೇಜಿನಲ್ಲಿ ಬಿ.ಎ.ಗೆ ಸೀಟೂ, ಅಂಧ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕವು. ಅಲ್ಲಿ ಅವನು ಚುಕ್ಕಿಯ ಅಕ್ಷರ ಕಲಿತ. ರಜೆಗೆ ಬಂದವನು ಒಂದು ದಪ್ಪ ಹಾಳೆಯ ಮೇಲೆ ಅಕ್ಕನ ಬೆರಳಿಟ್ಟು, "ಇದು ಅ, ಇದು ಹ. ನೋಡು, ಬೇರೆ ಬೇರೆ," ಎಂದು ತೋರಿಸಿದ. ದುಡಿದು ಒಡೆದ ಅವಳ ಬೆರಳಿಗೆ ಎರಡೂ ಒಂದೇ ಥರ ತಗಲಿದವು. "ಔದು, ಬ್ಯಾರೆ ಬ್ಯಾರೆ," ಎಂದು ಸುಳ್ಳು ಹೇಳಿದಳು.

ಆಮೇಲೆ ಅವಳೊಬ್ಬಳೇ ಅಭ್ಯಾಸಕ್ಕೆ ಕೂತಳು. ಹಾಲು ಕರೆಯುತ್ತ, ಹುಲ್ಲು ಕೊಯ್ಯುತ್ತ, ಬೇರೆ ಯಾವ ಮಾತೂ ಬೇಡ, ಒಂದೇ ಹೆಸರು. ತಮ್ಮನ ಹೆಸರನ್ನಾದರೂ ಒಮ್ಮೆ ನೆಟ್ಟಗೆ ಕರೆಯಬೇಕು ಎಂಬ ಹಟ. ಹಸುಗಳು ಕಿವಿ ನಿಮಿರಿಸಿ ನೋಡುತ್ತಿದ್ದವು. ದಸರಾ ರಜೆಯ ಹೊತ್ತಿಗೆ ಅದು ಅವಳ ನಾಲಿಗೆಗೆ ಬಂತು.

ಅವನು ರೈಲಿಳಿದಾಗ ಅವಳು ಚಿಕ್ಕಬಾಣಾವರದ ಪ್ಲಾಟ್‌ಫಾರಮಿನ ತುದಿಯಲ್ಲಿ ನಿಂತಿದ್ದಳು. ಬಿಳಿ ಕೋಲು ಹಿಡಿದು ಜನರ ನಡುವೆ ಬರುತ್ತಿದ್ದವನನ್ನು ಕಂಡು ಎದೆತುಂಬ ಉಸಿರೆಳೆದುಕೊಂಡು ಕರೆದಳು.

"ಹನುಮಾ!"

ಅವನು ನಿಂತ. ಮುಖವನ್ನು ಅತ್ತ ಇತ್ತ ತಿರುಗಿಸಿದ. ಗುರುತಿಲ್ಲದವರೊಡನೆ ಮಾತಾಡುವಾಗಿನ ಮರ್ಯಾದೆಯ ನಗು ನಕ್ಕು, "ಯಾರ್ರೀ ಅದು? ಯಾರು ಕರೆದಿದ್ದು?" ಎಂದ.

ಹುಟ್ಟಿದಾಗಿನಿಂದ ಒಮ್ಮೆಯೂ ಅಶ್ವತ್ಥಮ್ಮನ ದನಿಗೆ ಯಾರು ಎಂದು ಕೇಳಿದವನಲ್ಲ ಅವನು. ಜನ ಇಬ್ಬರ ನಡುವೆ ನುಗ್ಗಿ ಹೋಗುತ್ತಿದ್ದರು. ಅವನು ಇನ್ನೂ ಕಾಯುತ್ತ ನಿಂತಿದ್ದ.

"ನಾನು ಕಣೋ ಅನುಮ," ಎಂದಳು.